ಹೊಯ್ಸಳನನ್ನು ಎಲ್ಲಿ ಸೀಳಬೇಕು?

ಮಂಡಿ ರೈಟರ್, ಶಿವಮೊಗ್ಗ

ಇವತ್ತಿನ ಪದಬಂಧದ ಒಂದು ಕ್ಲೂಗೆ ಉತ್ತರ ‘ಹೊಯ್ಸಳ’. ಉತ್ತರದ ಬಗ್ಗೆ ಜಗಳ ಇಲ್ಲ. ಸೀಳಿದ ಜಾಗದ ಬಗ್ಗೆ ಜಗಳ. ಅದಕ್ಕೇ ಎಲ್ಲರ ಮುಂದೆ ಇಡುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ನಾವು ಕೆಲವರು ದಿನಾ ಬೆಳಿಗ್ಗೆ ಸರದಿಯ ಮೇಲೆ ಒಂದು ಪುಟ್ಟ ಪದಬಂಧ ಹಾಕುತ್ತೇವೆ. ವಾರಪತ್ರಿಕೆಯಲ್ಲಿ ಬರುವಂಥ ನೇರ ಪದಬಂಧ ಅಲ್ಲ, ಕ್ರಿಪ್ಟಿಕ್. ಕ್ಲೂ ಓದಿದರೆ ಯಾರೋ ಏನೋ ಸುದ್ದಿ ಹೇಳಿದ ಹಾಗಿರುತ್ತೆ. ಅದನ್ನು ನಂಬಿದಿರೋ ಕೆಟ್ಟಿರಿ. ಕ್ಲೂವಿನ ಒಂದು ತುದಿಯಲ್ಲಿ ಉತ್ತರದ ಅರ್ಥ ಇರುತ್ತೆ. ಉಳಿದ ಭಾಗದಲ್ಲಿ ಅದೇ ಉತ್ತರವನ್ನು ಚೂರು ಚೂರು ಜೋಡಿಸುವ ದಾರಿ ಇರುತ್ತೆ. ಎರಡೂ ಒಂದೇ ಪದಕ್ಕೆ ಬಂದು ಮುಟ್ಟಬೇಕು. ಆಗಲೇ ಬಿಡಿಸಿದ ಹಾಗೆ. ಬರೀ ಅಡ್ಡ ಬಂದ ಅಕ್ಷರ ನೋಡಿ ಉತ್ತರ ತುಂಬಿದವರನ್ನು ನಾನು ಬಿಡಿಸಿದವರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇವತ್ತು ನನ್ನ ಸರದಿ ಇತ್ತು. ಅಡಿಕೆ ಮಂಡಿಯಲ್ಲಿ ಟೆಂಡರ್ ಗಲಾಟೆ ಶುರುವಾಗುವ ಮೊದಲು ಸ್ವಲ್ಪ ಹೊತ್ತು ಕೈ ಖಾಲಿ ಇರುತ್ತೆ. ಹಳೇ ಲಾಟಿನ ಚೀಟಿಗಳ ಬೆನ್ನ ಮೇಲೆ ಚೌಕ ಗೀಚುವುದು ಆಗಲೇ. ಇವತ್ತಿನ ಎಡದಿಂದ ಬಲಕ್ಕೆ 6 ಹೀಗಿತ್ತು (ಕೊನೆಯ ಕಂಸದಲ್ಲಿರುವುದು ಉತ್ತರ ಎಷ್ಟು ಚೌಕದ್ದು ಅಂತ):

ಹೊಡೆ ಎಂದ ಗುರು, ಎದುರಿಗೆ ಸಳ. ಹುಟ್ಟಿತು ರಾಜವಂಶ (3)

‘ಹೊಡೆ’ ಅಂದರೆ ಹೊಯ್. ಅದರ ಎದುರಿಗೆ ಸಳ. ಕೂಡಿದರೆ ಹೊಯ್ಸಳ. ಅರ್ಥ ಕೊನೆಯಲ್ಲಿ, ‘ರಾಜವಂಶ’. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಸುದತ್ತ ಮುನಿ ‘ಹೊಯ್ ಸಳ’ ಅಂದ, ಸಳ ಹುಲಿಯನ್ನು ಹೊಡೆದ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಯೋಚನೆ ಮಾಡಿದರೆ ಆ ಕಥೆಯೇ ಒಂದು ಕ್ಲೂ. ವಂಶದ ಹೆಸರನ್ನು ಯಾರೋ ಎರಡು ತುಂಡು ಮಾಡಿ, ತುಂಡಿಗೊಂದು ಅರ್ಥ ಕೊಟ್ಟು, ನಡುವೆ ಒಂದು ಹುಲಿ ತಂದು ನಿಲ್ಲಿಸಿದ್ದಾರೆ.

ಆದರೆ ನಮ್ಮ ಗುಂಪಿನಲ್ಲಿ ಬೆಳಿಗ್ಗೆಯಿಂದ ಒಂದೇ ತಕರಾರು. ಚೌಕದಲ್ಲಿ ಬರೆಯುವಾಗ ಅದು ಹೊ, ಯ್ಸ, ಳ. ನಾನು ಸೀಳಿದ್ದು ಯ್ ಮತ್ತು ಸ ನಡುವೆ. ಅಂದರೆ ಎರಡನೇ ಚೌಕದ ಹೊಟ್ಟೆಯೊಳಗೆ. ‘ಹೊಯ್’ಗೆ ಒಂದೂವರೆ ಚೌಕ, ‘ಸಳ’ಕ್ಕೆ ಒಂದೂವರೆ ಚೌಕ! ಇದು ನ್ಯಾಯವಾ? ಚೌಕದ ಗೆರೆಯ ಮೇಲೆಯೇ ಸೀಳಬೇಕಾ, ಒಳಗೂ ಕತ್ತಿ ಹಾಕಬಹುದಾ? ನನ್ನ ಪ್ರಕಾರ ಹಾಕಬಹುದು. ನಿಮ್ಮದು ಹೇಳಿ.


ಸೋಗೆಮನೆ, ಸಾಗರ

ರೈಟರೇ, ಹಾಕಬಾರದು. ಬೆಳಿಗ್ಗೆಯೂ ಇದನ್ನೇ ಹೇಳಿದೆ, ಈಗಲೂ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಚೌಕಕ್ಕೆ ಒಂದು ಅಕ್ಷರ, ಒಟ್ಟು 26. ಹೇಗೆ ಬೇಕಾದರೂ ಕಲಕಿ. ನಮ್ಮ ವರ್ಣಮಾಲೆಯಲ್ಲಿ 49 ಇದ್ದರೂ ಚೌಕದೊಳಗೆ ಕೂರುವುದು ಅವಲ್ಲ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಹೊತ್ತುಕೊಂಡ ಇಡೀ ಅಕ್ಷರ. ಬಿಡಿಸುವವರ ಕಣ್ಣಿಗೆ ಕಾಣುವುದೂ ಅದೇ. ಅದನ್ನು ಒಡೆಯಲು ಬಿಟ್ಟರೆ ಆಮೇಲೆ ಕೊನೆ ಎಲ್ಲಿ? ನಾಳೆ ಇನ್ಯಾರೋ ಬಂದು ಕೊಂಬನ್ನು ಒಂದು ಕಡೆ, ದೀರ್ಘವನ್ನು ಒಂದು ಕಡೆ ಇಟ್ಟು ಇದೂ ಕ್ಲೂ ಅಂತಾರೆ.

‘ಮರ’ ತಿರುಗಿಸಿ ‘ರಾಮ’ ಮಾಡಿದ ಕ್ಲೂ ಒಂದು ಬಂದಿತ್ತು, ನೆನಪಿದೆಯಾ? ಮರ ತಿರುಗಿಸಿದರೆ ರಮ. ದೀರ್ಘ ಎಲ್ಲಿಂದ ಬಂತು? ವಾಲ್ಮೀಕಿ ಕಥೆಯಲ್ಲಿ ಬೇಡ ಜಪಿಸಿದ್ದು ‘ಮರಾ ಮರಾ’. ಅಲ್ಲಿ ಲೆಕ್ಕ ಸರಿ ಇದೆ, ಏನೂ ಹೆಚ್ಚಿಲ್ಲ, ಏನೂ ಕಡಿಮೆ ಇಲ್ಲ. ಹಳಬರು ಅಷ್ಟು ಜಾಗ್ರತೆ ಮಾಡಿದ್ದಾರೆ, ನಾವು ಮಾಡಬಾರದಾ?

ಇಡೀ ಅಕ್ಷರ ಇಟ್ಟುಕೊಂಡೇ ಚೆನ್ನಾಗಿ ಆಡಬಹುದು. ನನ್ನದೊಂದು ನೋಡಿ:

ದಿನ ದಿನದ ನಡುವೆ ಹರಿಯುವವಳು (2)

ದಿ, ನ, ದಿ, ನ. ನಡುವೆ ಏನಿದೆ? ನದಿ. ಬರೀ ‘ದಿನ’ವನ್ನು ಹಿಂದಿನಿಂದ ಓದಿದರೂ ಅವಳೇ. ಇನ್ನೊಂದು: ‘ಕಲಕಿ ಹೋದ ಮದನ, ಇದು ಹತ್ತಿಕ್ಕುವಿಕೆ (3)’. ಮದನ ಕಲಕಿದರೆ ದಮನ. ಹೀಗೆ ಕಲಕಿದರೆ ಇನ್ನೊಂದು ಪದ ಆಗುವ ಜೋಡಿಗಳು ಕನ್ನಡದಲ್ಲಿ ಕಡಿಮೆ, ಒಪ್ಪುತ್ತೇನೆ. ಹುಡುಕಬೇಕು. ಹುಡುಕುವ ಕಷ್ಟ ಕ್ಲೂ ಬರೆಯುವವರದ್ದು. ಬಿಡಿಸುವವರ ತಲೆಗೆ ಕಟ್ಟಬೇಡಿ.

ಇನ್ನೊಂದು ವಿಷಯ. ನಿಮ್ಮ ಕ್ಲೂನಲ್ಲಿ ಆ ‘ಗುರು’ಗೆ ಎಂತ ಕೆಲಸ ಮಾರಾಯ್ರೇ? ಕಥೆಗೆ ಬೇಕು, ಉತ್ತರಕ್ಕೆ ಬೇಡ. ಸುಮ್ನೆ ಬಂದು ಕೂತಿದ್ದಾನೆ. ‘ಹುಟ್ಟಿತು’ ಇರಲಿ, ಅದು ಜೋಡಿಸುವ ದಾರಿಗೂ ಅರ್ಥಕ್ಕೂ ನಡುವಿನ ಸೇತುವೆ. ಗುರುವನ್ನು ಎಬ್ಬಿಸಿ ಕಳಿಸಿ.


ಅರ್ಥಧಾರಿ, ತೀರ್ಥಹಳ್ಳಿ

ಸೋಗೆಮನೆ ಅಕ್ಕ ಪದಬಂಧವನ್ನು ಕಣ್ಣಿನ ಆಟ ಅಂದುಕೊಂಡಿದ್ದಾರೆ. ನನಗೆ ಅದು ಕಿವಿಯ ಆಟ.

ತಾಳಮದ್ದಳೆಯಲ್ಲಿ ಎದುರಿನವರು ಹೇಳಿದ ಒಂದು ಪದವನ್ನು ಅಲ್ಲೇ ಒಡೆದು, ಅವರಿಗೇ ತಿರುಗಿಸಿ ಕೊಡುತ್ತಾರಲ್ಲ, ಆಗ ಸಭೆಯಲ್ಲಿ ಯಾರೂ ಹಾಳೆ ಪೆನ್ನು ಹಿಡಿದು ಕೂತಿರುವುದಿಲ್ಲ. ಒತ್ತಕ್ಷರ ಎಲ್ಲಿದೆ ಅಂತ ನೋಡುವುದಿಲ್ಲ. ಕೇಳಿದ ಕೂಡಲೇ ಹೌದಲ್ವಾ ಅನಿಸಿದರೆ ಆಯಿತು, ಚಪ್ಪಾಳೆ. ‘ಹೊಯ್ ಸಳ’ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಎಲ್ಲಿ ಸೀಳಿದೆ ಅಂತ ಯಾರೂ ಕೇಳುವುದಿಲ್ಲ. ಚೌಕದ ಗೆರೆ ಬಂದದ್ದು ನೂರು ಚಿಲ್ಲರೆ ವರ್ಷದ ಹಿಂದೆ. ಮಾತು ಒಡೆಯುವುದು ನಮ್ಮಲ್ಲಿ ಅದಕ್ಕೂ ಎಷ್ಟೋ ಹಿಂದಿನದು.

ನಿಯಮ ನಿಯಮ ಅಂತೀರಿ. ಇಂಗ್ಲಿಷಿನವರು ತಲೆ ಮೇಲೆ ಹೊತ್ತು ಮೆರೆಸುವ ಒಂದು ಹಳೇ ಕ್ಲೂ ಇದೆ: ಎಚ್, ಐ, ಜೆ, ಕೆ, ಎಲ್, ಎಂ, ಎನ್, ಓ. ಅಷ್ಟೇ. ಉತ್ತರ ಐದಕ್ಷರ. ಎಚ್‌ನಿಂದ ಓ ತನಕ, ಅಂದರೆ ‘ಎಚ್ ಟು ಓ’, ಅಂದರೆ ನೀರು, ವಾಟರ್. ಅದರಲ್ಲಿ ಅರ್ಥದ ಭಾಗ ಬೇರೆ, ಆಟದ ಭಾಗ ಬೇರೆ ಅಂತ ಎಲ್ಲಿದೆ? ಎಲ್ಲ ಒಂದೇ. ಆದರೂ ಯಾರೂ ಅದನ್ನು ಕಸದ ಬುಟ್ಟಿಗೆ ಹಾಕಿಲ್ಲ.

ಒಂದೇ ಒಂದು ಬೇಜಾರು. ಇಂಗ್ಲಿಷಿನಲ್ಲಿ ಬರಹ ಬೇರೆ, ಉಚ್ಚಾರ ಬೇರೆ. ಹಾಗಾಗಿ ‘ಕೇಳಿದರೆ ಹೀಗೆ’ ಅನ್ನುವ ಕ್ಲೂ ರಾಶಿ ರಾಶಿ. ನಮ್ಮಲ್ಲಿ ಬರೆದದ್ದೇ ಓದುವುದು, ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಆದರೆ ಒಂದು ಕಿಂಡಿ ಇದೆ. ಲಂಡನ್ನಿನ ಈಸ್ಟ್ ಎಂಡ್ ಜನ ‘ಎಚ್’ ನುಂಗುತ್ತಾರೆ, ಅಲ್ಲಿನ ಕ್ಲೂಗಳಲ್ಲಿ ‘ಕಾಕ್ನಿ’ ಅಂತ ಕಂಡರೆ ಎಚ್ ತೆಗೆಯಿರಿ ಅಂತ ಸೂಚನೆ. ‘ಹ’ ನುಂಗುವವರು ನಮ್ಮಲ್ಲಿ ಕಡಿಮೆ ಇದ್ದಾರಾ?

‘ಹ’ ಬಾರದವನ ಬಾಯಲ್ಲಿ ಆಶೀರ್ವದಿಸು, ದೊರೆ (3)

ಹರಸು, ಅರಸು. ಅದೇ ರೀತಿ ಹಕ್ಕಿಯಿಂದ ಅಕ್ಕಿ. ಉಲ್ಟಾ ಕೂಡ ಮಾಡಬಹುದು. ಆದರದ ಸ್ವಾಗತ ಕೋರಲು ಹೋಗಿ ‘ಹ’ ಸೇರಿಸಿದವರ ಕಥೆ ಎಲ್ಲ ಊರಲ್ಲೂ ಇದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದು ಬೇಡ.


ಹೊಸ ಸೊಸೆ, ಭದ್ರಾವತಿ

ನಮಸ್ಕಾರ. ಜಗಳದ ನಡುವೆ ಬಾಯಿ ಹಾಕುತ್ತಿದ್ದೇನೆ, ಬೈಯಬೇಡಿ. ಪೇಪರಿನ ಪದಬಂಧ ಬಿಡಿಸಿ ಅಭ್ಯಾಸ ಇದೆ, ಕ್ರಿಪ್ಟಿಕ್ ಹೊಸದು. ರೈಟರ್ ಸರ್ ಇವತ್ತು ಹಾಕಿದ್ದರಲ್ಲಿ ಎರಡು ಕೇಳಬೇಕು.

‘ಪಕ್ಕದ ಪ್ರವಾಹ (2)’ ನೆರೆ ಅಂತ ಬರೆದೆ. ನೆರೆಹೊರೆಯ ನೆರೆ, ತುಂಗೆ ಉಕ್ಕಿದಾಗ ಬರುವ ನೆರೆ, ಸರಿನಾ? ಅರ್ಥ ಒಂದು ತುದಿಯಲ್ಲಿ, ಉಳಿದದ್ದು ಜೋಡಿಸುವ ದಾರಿ ಅಂದಿರಿ. ಇಲ್ಲಿ ಜೋಡಿಸುವುದು ಏನೂ ಇಲ್ಲವಲ್ಲ?

‘ಮಂಡಿಯ ದುಬಾರಿ ಅಡಿಕೆ ಲಾರಿಯ ಹೊರೆ (3)’ ಸ, ರ, ಕು ಅಂತ ಅಡ್ಡದ ಪದಗಳಿಂದಲೇ ಬಂತು. ಲಾರಿಗೆ ಸರಕು ಅಂತ ಗೊತ್ತಾಯಿತು. ಅಡಿಕೆ ಯಾಕೆ ಅಂತ ಗೊತ್ತಾಗಲಿಲ್ಲ. ನಮ್ಮ ತವರು ಬಯಲುಸೀಮೆ.

ಈ ಆಟ ಶುರು ಮಾಡಿದ್ದು ಯಾರು ಅಂತಲೂ ಯಾರಾದರೂ ಹೇಳಿ. ಮನೆಯಲ್ಲಿ ಮಾವ ಕೇಳುತ್ತಿದ್ದಾರೆ.


ಮಂಡಿ ರೈಟರ್, ಶಿವಮೊಗ್ಗ

ಬನ್ನಿ ತಂಗಿ, ಬೈಯುವವರು ಯಾರೂ ಇಲ್ಲ. ಸೋಗೆಮನೆಯವರೂ ನನ್ನನ್ನು ಮಾತ್ರ ಬೈಯುವುದು.

ನೆರೆ ಸರಿ. ಅದು ಜೋಡಿ ಅರ್ಥದ ಕ್ಲೂ. ಎರಡು ಅರ್ಥ ಪಕ್ಕಪಕ್ಕ, ಬೇರೇನೂ ಇಲ್ಲ. ಕನ್ನಡಕ್ಕೆ ಹೇಳಿ ಮಾಡಿಸಿದ ಜಾತಿ ಇದು. ಇಂಗ್ಲಿಷಿನಲ್ಲಿ ಕಲಕುವುದು ಸುಲಭ, ನಮ್ಮಲ್ಲಿ ಇದು ಸುಲಭ. ನಮ್ಮ ಕ್ರಿಯಾಪದಗಳು ಎಷ್ಟೋ ಕಡೆ ವಸ್ತುವಿನ ಹೆಸರೂ ಆಗಿರುತ್ತವೆ. ‘ಪೀಡಿಸು’ ಅಂದರೂ ಕಾಡು, ಆಗುಂಬೆ ಸುತ್ತ ಇರುವುದೂ ಕಾಡು. ‘ಸ್ವಲ್ಪ ಸುಮ್ಮನಿರಿ, ಕುತ್ತಿಗೆಗೆ ಕಟ್ಟುತ್ತಾರೆ (2)’ ಅಂದರೆ ತಾಳಿ. ‘ಬೇಟೆಗಾರ ಒಲ್ಲೆ ಅಂದ (2)’ ಅಂದರೆ ಬೇಡ. ‘ಅಡಿಕೆ ಮರದಿಂದ ಬಿದ್ದದ್ದರ ಮೇಲೆ ಬರೆಯಬಹುದು (2)’ ಹೇಳಿ ನೋಡೋಣ. ಹಾಳೆ.

ನೆರೆಯ ಕ್ಲೂ ಹುಟ್ಟಿದ್ದು ಮಳೆಗಾಲದಲ್ಲಿ. ಜುಲೈನಲ್ಲಿ ತುಂಗೆಯ ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟರೆ ಸಾಕು, ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತಾ ಇಲ್ಲವಾ ಅಂತ ನೋಡಲು ಊರೇ ಸೇತುವೆ ಮೇಲೆ ನಿಂತಿರುತ್ತೆ. ನಾನೂ ನಿಂತಿದ್ದೆ. ಪಕ್ಕದಲ್ಲಿದ್ದ ಒಬ್ಬರು ‘ನೆರೆ ಬಂದ್ರೆ ನೆರೆಯವರೇ ಆಗಬೇಕು’ ಅಂದರು. ಅವರಿಗೆ ಅದು ಬರೀ ಮಾತು. ನನಗೆ ಅಲ್ಲೇ ಕ್ಲೂ. ಮೊಬೈಲ್ ನೆನೆಯುತ್ತೆ ಅಂತ ಬರೆದುಕೊಳ್ಳಲಿಲ್ಲ, ಮನೆ ಮುಟ್ಟುವ ತನಕ ಬಾಯಲ್ಲೇ ಹೇಳಿಕೊಂಡು ಬಂದೆ.

ಸರಕು: ಶಿವಮೊಗ್ಗ ಮಾರುಕಟ್ಟೆಯಲ್ಲಿ ಕೆಂಪಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ತರಗತಿ. ಎಲ್ಲಕ್ಕಿಂತ ಜಾಸ್ತಿ ದರ ಸರಕಿಗೆ. ರಾಶಿ ಇನ್ನೂ ಮಜಾ: ಗುಡ್ಡೆ ಹಾಕಿದ್ದೂ ರಾಶಿ, ಮೇಷ ವೃಷಭವೂ ರಾಶಿ, ಮಂಡಿಯಲ್ಲಿ ಅಡಿಕೆಯೂ ರಾಶಿ. ಮೂರು ಅರ್ಥದ ಕ್ಲೂ ಒಂದು ಕೂಡಿಟ್ಟಿದ್ದೇನೆ, ಈಗಲೇ ಹೇಳುವುದಿಲ್ಲ.

ಮಾವನವರಿಗೆ ಹೇಳಿ: ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ಮಾಡಿದ್ದು ಆರ್ಥರ್ ವಿನ್. ಅದು ನೇರ ಪದಬಂಧ. ಅದಕ್ಕೆ ಮಾತಿನ ಮೋಸ ಸೇರಿಸಿ ಕ್ರಿಪ್ಟಿಕ್ ಮಾಡಿದ್ದು ಇಂಗ್ಲೆಂಡಿನವರು, 1920ರ ದಶಕದಲ್ಲಿ. ಅಲ್ಲಿ ಹೆಸರು ಮರೆಸಿಕೊಂಡು ಬರೆಯುವುದು ರೂಢಿ. ಮೊದಲಿಗರಲ್ಲಿ ಒಬ್ಬ ‘ಟಾರ್ಕೆಮಾಡ’ ಅಂತ ಇಟ್ಟುಕೊಂಡ. ಅದು ಸ್ಪೇನಿನಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದವನ ಹೆಸರು. ಬಿಡಿಸುವವರ ಪಾಡು ಅದರಲ್ಲೇ ಗೊತ್ತಾಗುತ್ತೆ. ನಮ್ಮ ದೇಶದಲ್ಲಿ ‘ದಿ ಹಿಂದೂ’ ಪತ್ರಿಕೆಯ ಪದಬಂಧ ಶುರುವಾದದ್ದು 1971ರಲ್ಲಿ. ಅದರ ಮೊದಲ ಪದಬಂಧಕಾರ ಅಡ್ಮಿರಲ್ ಆರ್.ಡಿ. ಕಟಾರಿ, ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥ. ನಿವೃತ್ತಿ ಆದ ಮೇಲೆ ಕೂತು ಕ್ಲೂ ಬರೆದರು. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ. ಕನ್ನಡದಲ್ಲಿ ನೇರ ಪದಬಂಧಕ್ಕೆ ಅ.ನಾ. ಪ್ರಹ್ಲಾದ ರಾವ್ ಇದ್ದಾರೆ, ಸಾವಿರಗಟ್ಟಲೆ ಮಾಡಿದ್ದಾರೆ, ಮಾವನವರು ಅವರದ್ದು ಬಿಡಿಸಿಯೇ ಇರುತ್ತಾರೆ.

ಈಗ ಅಕ್ಕನಿಗೆ ಉತ್ತರ. ಗುರುವನ್ನು ಎಬ್ಬಿಸಲು ಮನಸ್ಸಿಲ್ಲ. ಅವನು ಇದ್ದರೆ ಕ್ಲೂ ಓದಲು ಚೆಂದ. ಆದರೆ ಅವನಿಗೆ ಕೆಲಸ ಇಲ್ಲ ಅನ್ನುವುದೂ ನಿಜ. ಹೊಯ್ಸಳನ ವಿಷಯದಲ್ಲಿ ಮಾತ್ರ ನಾನು ಜಗ್ಗುವುದಿಲ್ಲ.


ಕಾಗುಣಿತ ಮೇಷ್ಟ್ರು, ಹೊಸನಗರ

ಎಲ್ಲರೂ ಕೂಗಾಡಿ ಆಯಿತಾ? ನಾನು ಕಾಯುತ್ತಿದ್ದೆ.

ಇಂಗ್ಲೆಂಡಿನಲ್ಲಿ ಆಫ್ರಿಟ್ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬರು ಇದಕ್ಕೊಂದು ಕಟ್ಟಳೆ ಹಾಕಿದ್ದಾರೆ. ಕ್ಲೂ ಬರೆಯುವವನು ಓದುಗನನ್ನು ಬೇರೆ ಕಡೆ ಕರೆದುಕೊಂಡು ಹೋಗಬಹುದು, ಅಡ್ಡಿ ಇಲ್ಲ. ಆದರೆ ಅವನ ಮನಸ್ಸಿನಲ್ಲಿ ಇರುವುದು ಕ್ಲೂವಿನ ಪದಗಳಲ್ಲಿ ಇರಲೇಬೇಕು. ಇದನ್ನು ಹಿಡಿದು ನೋಡಿ. ಸೀಳಿದ್ದು ಎಲ್ಲಿ ಅನ್ನುವುದಕ್ಕಿಂತ, ಸೀಳಿದಾಗ ಏನಾದರೂ ಬದಲಾಯಿತಾ ಅನ್ನುವುದು ಮುಖ್ಯ.

ಹೊಯ್ ಮತ್ತು ಸಳ ಸೇರಿದಾಗ ಯಾವ ಸದ್ದೂ ಬದಲಾಗಲಿಲ್ಲ. ಒಂದೂ ಹೋಗಲಿಲ್ಲ, ಒಂದೂ ಹೊಸದಾಗಿ ಬರಲಿಲ್ಲ. ಬರೆಯುವಾಗ ಸ ಕೆಳಗೆ ಇಳಿದು ಒತ್ತಾಯಿತು, ಅಷ್ಟೇ. ಕ್ಲೂನಲ್ಲಿ ಕೂಡುವ ಸೂಚನೆ ಇದೆ. ಹಾಗಾಗಿ ರೈಟರ್ ಗೆದ್ದರು. ಆದರೆ ಕಲಕುವಾಗ ಮತ್ತು ತಿರುಗಿಸುವಾಗ ಅಕ್ಷರ ಒಡೆಯಬಾರದು. ಅಲ್ಲಿ ಸೋಗೆಮನೆಯವರು ಗೆದ್ದರು. ಹೊಯ್ಸಳನನ್ನು ಹಿಂದಿನಿಂದ ಓದಿದರೆ ಳ, ಯ್ಸ, ಹೊ. ಅಲ್ಲಿ ಯ್ಸ ಒಡೆದು ಸ, ಯ್ ಅಂತ ಮಾಡಲು ಹೋದರೆ ಕೈ ಹಿಡಿಯುತ್ತೇನೆ.

ನಿಜವಾದ ತೊಂದರೆ ಇಲ್ಲಲ್ಲ, ಸಂಧಿಯಲ್ಲಿ. ‘ಮಳೆ’ಯ ಮುಂದೆ ‘ಕಾಲ’ ಇಟ್ಟರೆ ಮಳೆಗಾಲ. ಕ ಹೋಗಿ ಗ ಬಂತು, ಆದೇಶ ಸಂಧಿ. ಕ್ಲೂನಲ್ಲಿ ಬರೀ ‘ಕಾಲ’ ಅಂತ ಕೊಟ್ಟು ಚೌಕದಲ್ಲಿ ‘ಗಾಲ’ ಬರೆಸಿದರೆ ಅದು ಮೋಸ. ಅದಕ್ಕೊಂದು ಸೂಚನೆ ಬೇಕು. ನಮ್ಮ ವ್ಯಾಕರಣದಲ್ಲಿ ಕ ಪರುಷ, ಗ ಸರಳ. ಹಾಗಾದರೆ ‘ಸರಳವಾದ ಕಾಲ’ ಅಂತ ಬರೆಯಿರಿ! ಓದುವವರಿಗೆ ಹಿಂದಿನ ಒಳ್ಳೆಯ ಕಾಲ ನೆನಪಾಗುತ್ತೆ. ಬಿಡಿಸುವವರಿಗೆ ಕ ಗ ಆಗುತ್ತೆ. ‘ಮಳೆ ಮುಂದೆ ಸರಳವಾದ ಕಾಲ, ಛತ್ರಿ ಹಿಡಿಯುವ ದಿನಗಳು (4)’. ಮಳೆ ಅನ್ನುವ ಪದ ಕ್ಲೂನಲ್ಲೇ ಬಂದದ್ದರಿಂದ ಇದು ಒಳ್ಳೆಯ ಕ್ಲೂ ಅಲ್ಲ. ದಾರಿ ತೋರಿಸಲು ಬರೆದೆ.

ಇನ್ನೊಂದು ಯಾರೂ ಹೇಳಲಿಲ್ಲ. ಯ್ಸ ಚೌಕಕ್ಕೆ ಮೇಲಿಂದ ಕೆಳಕ್ಕೆ ಯಾವ ಪದ ಹಾಯಿಸುತ್ತೀರಿ? ಯ್ಸದಿಂದ ಶುರುವಾಗುವ ಪದ ಇಲ್ಲ, ನಡುವೆ ಬರುವುದೂ ಅಪರೂಪ. ರೈಟರ್ ಅಲ್ಲಿ ಮೇಲೆ ಕೆಳಗೆ ಕಪ್ಪು ಚೌಕ ಇಟ್ಟಿದ್ದಾರೆ, ನೋಡಿದೆ. ಬ್ರಿಟಿಷ್ ಮಾದರಿಯ ಚೌಕದಲ್ಲಿ ಸುಮಾರು ಅರ್ಧ ಮನೆಗಳಿಗೆ ಒಂದೇ ದಿಕ್ಕಿನ ಪದ, ಹಾಗಾಗಿ ನಡೆಯುತ್ತೆ. ನಮ್ಮ ಪತ್ರಿಕೆಗಳ ಹಾಗೆ ಒತ್ತೊತ್ತಾಗಿ ಹೆಣೆದರೆ ಹೊಯ್ಸಳ ಒಳಗೇ ಬರುತ್ತಿರಲಿಲ್ಲ. ಒತ್ತಕ್ಷರದ ಪದಗಳಿಗೆ ಜಾಗ ಕೊಡಬೇಕಾದರೆ ಕಪ್ಪು ಚೌಕ ಧಾರಾಳ ಬೇಕು.

ನನ್ನ ಊರಿನ ಕಡೆಯದೊಂದು ಬಿಟ್ಟು ಹೋಗುತ್ತೇನೆ: ‘ಬಿದನೂರು ಈಗ ಸಿಟಿ (3)’. ಕೆಳದಿ ಅರಸರ ಬಿದನೂರನ್ನು 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಅದು ಹೈದರ್‌ನಗರ ಆಯಿತು, ಈಗ ಬರೀ ನಗರ. ಹೋಗಿ ನೋಡಿದವರಿಗೆ ಗೊತ್ತು, ಅಲ್ಲಿ ಕೋಟೆ ಇದೆ, ಹೆಸರಿನಲ್ಲಿ ಬಿಟ್ಟರೆ ಸಿಟಿ ಇಲ್ಲ.


ಸೋಗೆಮನೆ, ಸಾಗರ

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಕೂಡಿಸುವಾಗ ಒಡೆಯಬಹುದು, ಕಲಕುವಾಗ ಒಡೆಯಬಾರದು. ಇದನ್ನು ಗುಂಪಿನ ಮೇಲ್ಗಡೆ ಅಂಟಿಸಿ. ಗುರು ಮಾತ್ರ ಎದ್ದು ಹೋಗಲೇಬೇಕು.


ಮಂಡಿ ರೈಟರ್, ಶಿವಮೊಗ್ಗ

ಎದ್ದ. ಹೊಸದು: ‘ಹೊಡೆ, ಎದುರಿಗೆ ಸಳ! ಹುಟ್ಟಿತು ರಾಜವಂಶ (3)’. ಹುಲಿ ಕಾಣದಿದ್ದರೆ ನಾನು ಜವಾಬ್ದಾರ ಅಲ್ಲ. ನಾಳೆ ಯಾರ ಸರದಿ?


ಹೊಸ ಸೊಸೆ, ಭದ್ರಾವತಿ

ಸರದಿ ಬೇಡ, ಒಂದೇ ಒಂದು ಕ್ಲೂ ಮಾಡಿದ್ದೇನೆ, 2 ಅರ್ಥದ್ದು. ಹಾಕಲಾ?

ಮರ ಕಡಿಯಲು ಬೇಕಾದದ್ದು ನೀಡಲಿ (3)


ಸೋಗೆಮನೆ, ಸಾಗರ

ಸಿಕ್ಕಿತು. ಕೆಲಸ ಇಲ್ಲದ ಪದ ಒಂದೂ ಇಲ್ಲ. ರೈಟರೇ, ನೋಡಿ ಕಲಿಯಿರಿ.


ಅರ್ಥಧಾರಿ, ತೀರ್ಥಹಳ್ಳಿ

ನನಗೆ ಸಿಕ್ಕಿಲ್ಲ. ಸಂಜೆ ತನಕ ಯಾರೂ ಉತ್ತರ ಹಾಕಬೇಡಿ ಮಾರಾಯ್ರೇ.